ನಲ್ಲಿ ಬಂತು, ಕೆರೆ ಹೋಯ್ತು

ವೀಕ್ಷಕರೇ, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತದ ಕನ್ನಡಿಗ ಯಾರಾದರೂ ಇದ್ದಾರಾ? ಬೀದರ್‌ನಿಂದ ಬಂದವರಿರಲಿ, ಚಾಮರಾಜನಗರದಿಂದ ಬಂದವರಿರಲಿ, ಬೆಂಗಳೂರು ಅಂದರೆ ಮೊದಲು ಮೆಜೆಸ್ಟಿಕ್, ಆಮೇಲೆ ಉಳಿದದ್ದು. ಆ ನಿಲ್ದಾಣದ ಹತ್ತಿರ ಒಂದು ರಸ್ತೆ ಇದೆ. ಹೆಸರು ಟ್ಯಾಂಕ್ ಬಂಡ್ ರೋಡ್. ಕನ್ನಡದಲ್ಲಿ ಹೇಳಿದರೆ ಕೆರೆ ಏರಿ ರಸ್ತೆ. ಏರಿ ಇದೆ ಅಂದಮೇಲೆ ಕೆರೆ ಇರಬೇಕಲ್ಲ, ಎಲ್ಲಿದೆ? ಹುಡುಕಬೇಡಿ. ನೀವು ಬಸ್ಸಿಗೆ ಕಾಯುತ್ತಾ ನಿಂತಿದ್ದೀರಲ್ಲ, ಅದೇ ಕೆರೆ. ಧರ್ಮಾಂಬುಧಿ ಕೆರೆ. ಪೇಟೆಯ ಜನ ಒಂದು ಕಾಲದಲ್ಲಿ ಕುಡಿಯುತ್ತಿದ್ದ ನೀರು ಅಲ್ಲಿಯದು.

ಅಲ್ಲಿಂದ ಒಂದಷ್ಟು ದೂರ ಬನ್ನಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಅಶೋಕನಗರದ ಫುಟ್‌ಬಾಲ್ ಮೈದಾನ ಶೂಲೆ ಕೆರೆ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ. ಗಾಲ್ಫ್ ಕೋರ್ಸ್ ಚಲ್ಲಘಟ್ಟ ಕೆರೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗೆ ವಸತಿ ಕಟ್ಟಿದ್ದು ಕೋರಮಂಗಲ ಕೆರೆಯ ಅಂಗಳದಲ್ಲಿ. ಬೆಂಗಳೂರಿನ ಕ್ರೀಡಾ ಇತಿಹಾಸ ಬರೆಯೋಕೆ ಹೊರಟರೆ ಅದು ಕೆರೆಗಳ ಮರಣ ಪತ್ರವೂ ಆಗಿಬಿಡುತ್ತೆ.

ಇದಕ್ಕೆ ಕಾರಣ ಯಾರು ಅಂತ ಕೇಳಿದರೆ ನಮ್ಮ ಸ್ಟುಡಿಯೋಗೆ ಬರುವ ಎಲ್ಲ ಪಕ್ಷದವರ ಹತ್ತಿರವೂ ಉತ್ತರ ಸಿದ್ಧವಾಗಿರುತ್ತೆ: ಭೂಗಳ್ಳರು. ಸುಳ್ಳಲ್ಲ. ಎ.ಟಿ. ರಾಮಸ್ವಾಮಿ ಅವರ ಸದನ ಸಮಿತಿ ಒತ್ತುವರಿಯ ಲೆಕ್ಕ ಕೊಟ್ಟಿದೆ. ಕೆ.ಬಿ. ಕೋಳಿವಾಡ ಅವರ ಸಮಿತಿ ಕೆರೆ ಒತ್ತುವರಿಯ ಲೆಕ್ಕವನ್ನೇ ಪ್ರತ್ಯೇಕವಾಗಿ ಕೊಟ್ಟಿದೆ. ಆದರೆ ಒಂದು ಪ್ರಶ್ನೆ. ಧರ್ಮಾಂಬುಧಿಯನ್ನು ನುಂಗಿದ್ದು ಯಾವ ಭೂಗಳ್ಳ? ಸಂಪಂಗಿ ಕೆರೆಯನ್ನು ಯಾವ ಬಿಲ್ಡರ್ ನುಂಗಿದ? ಯಾರೂ ಅಲ್ಲ. ಅಲ್ಲಿ ಬಸ್ ನಿಲ್ದಾಣ, ಕ್ರೀಡಾಂಗಣ ಕಟ್ಟಿದ್ದು ಸರ್ಕಾರ. ಕಟ್ಟಿದಾಗ ಜನ ಬೀದಿಗಿಳಿದು ಅಳಲಿಲ್ಲ. ಯಾಕೆ ಅಳಲಿಲ್ಲ? ಇವತ್ತಿನ ಕಥೆ ಅದೇ.

ಮೊದಲು ಒಂದು ಭೂಗೋಳದ ಪಾಠ. ಬೆಂಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಮೇಲೆ. ಈ ದಿಣ್ಣೆ ಮನೆಯ ಮಾಡಿನ ಹಾಗೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಎರಡೂ ಕಡೆಯದ್ದು ಕೊನೆಗೆ ಇಳಿಯೋದು ತಮಿಳುನಾಡಿಗೆ. ಊರ ಪಕ್ಕದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಜಗತ್ತಿನ ದೊಡ್ಡ ನಗರಗಳ ಪಟ್ಟಿ ತೆಗೆಯಿರಿ, ಹೆಚ್ಚಿನವು ನದಿ ದಂಡೆಯಲ್ಲೋ ಸಮುದ್ರದ ದಡದಲ್ಲೋ ಇವೆ. ನಮ್ಮದು ಗುಡ್ಡದ ನೆತ್ತಿಯ ಮೇಲೆ.

ಹಾಗಾದರೆ ನಮ್ಮ ಹಿರಿಯರು ಏನು ಮಾಡಿದರು? ಓಡುವ ನೀರನ್ನು ನಿಲ್ಲಿಸಿದರು. ಇದನ್ನು ಶುರು ಮಾಡಿದ್ದು ಕೆಂಪೇಗೌಡರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅವರು 1537ರಲ್ಲಿ ಪೇಟೆ ಕಟ್ಟುವುದಕ್ಕಿಂತ ಶತಮಾನಗಳ ಹಿಂದೆಯೇ ಇಲ್ಲಿ ಕೆರೆಗಳಿದ್ದವು. ಇವತ್ತು ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಕಾಣುವ ಅಗರ ಇದೆಯಲ್ಲ, ಅಲ್ಲಿ ಸಿಕ್ಕಿರುವ ಗಂಗರ ಕಾಲದ ಶಾಸನ ಕೆರೆಗಳಿಗೆ ತೂಬು ಇಡಿಸಿದ ವಿಷಯ ಹೇಳುತ್ತೆ. ಅಂದರೆ ಸಾವಿರ ವರ್ಷಕ್ಕೂ ಹಳೆಯ ಎಂಜಿನಿಯರಿಂಗ್. ಕೆಂಪೇಗೌಡರ ದೊಡ್ಡತನ ಏನೆಂದರೆ, ಪೇಟೆಗೂ ಕೆರೆಗೂ ಲೆಕ್ಕ ಹೊಂದಿಸಿದ್ದು. ಪೇಟೆಗೆ ಧರ್ಮಾಂಬುಧಿ, ಕೋಟೆಯ ಕಡೆಗೆ ಕೆಂಪಾಂಬುಧಿ. ಅವರ ವಂಶದವರು ನಿಲ್ಲಿಸಿದ ನಾಲ್ಕು ಗಡಿ ಗೋಪುರಗಳಲ್ಲಿ ಒಂದು ಈಗಲೂ ಕೆಂಪಾಂಬುಧಿ ಕೆರೆಯ ಏರಿಯ ಮೇಲಿದೆ, ಹೋಗಿ ನೋಡಿ.

ಈ ಕೆರೆಗಳು ಒಂಟಿ ಒಂಟಿ ಗುಂಡಿಗಳಲ್ಲ. ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೆಲ್ಲ ಹೀಗೆ ಮೆಟ್ಟಿಲಿಳಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಾವು ರಾಜಕಾಲುವೆ ಅಂತ ಕರೆಯುತ್ತೇವಲ್ಲ, ಅದು ಈ ಸರಪಳಿಯ ಕೊಂಡಿ. ಈಗಿನ ಹುಡುಗರಿಗೆ ರಾಜಕಾಲುವೆ ಅಂದರೆ ಮೂಗು ಮುಚ್ಚಿಕೊಂಡು ದಾಟುವ ಮೋರಿ. ಅದರ ಹುಟ್ಟುಹೆಸರು ಅದಲ್ಲ.

ಸರಪಳಿಗೆ ಕಾವಲುಗಾರನೂ ಇದ್ದ. ನೀರುಗಂಟಿ. ಯಾವತ್ತು ತೂಬು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ, ಎಲ್ಲವೂ ಅವನ ತಲೆಯಲ್ಲಿ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಊರವರು ಹೂಳೆತ್ತಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಿದ್ದರು. ಕುಂಬಾರನಿಗೆ ಮಣ್ಣು, ಅಗಸನಿಗೆ ಕಲ್ಲು, ದನಕ್ಕೆ ನೀರು, ತಿಗಳರ ತೋಟಕ್ಕೆ ಬಾವಿ ಊಟೆ. ಎಲ್ಲರಿಗೂ ಕೆರೆಯಿಂದ ಏನೋ ಒಂದು ಬರುತ್ತಿತ್ತು. ಆದ್ದರಿಂದ ಎಲ್ಲರ ಕಣ್ಣೂ ಅದರ ಮೇಲಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹೇಳೋಕೆ ನಾನು ಬಂದಿಲ್ಲ. ನೀರು ಹಂಚುತ್ತಿದ್ದ ನೀರುಗಂಟಿ ನಮ್ಮ ಕಡೆ ಹೆಚ್ಚಾಗಿ ದಲಿತ. ಊರಿಗೆಲ್ಲ ನೀರು ಕೊಟ್ಟವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ಕೆರೆಯ ಇತಿಹಾಸ ಹೇಳುವವರು ಈ ಸಾಲನ್ನು ನುಂಗಿ ಮುಂದೆ ಹೋಗಬಾರದು.

ಈಗ 19ನೇ ಶತಮಾನದ ಕೊನೆಗೆ ಬನ್ನಿ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಜನ ಹೆಚ್ಚಾದರು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತೆ, ಉಳಿದ ನೀರು ಕೊಳೆಯುತ್ತೆ, ಕಾಲರಾ ಬರುತ್ತೆ. ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರ ಆಡಳಿತದಲ್ಲಿ ಸುಮಾರು 20 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ, ಅರ್ಕಾವತಿಯ ನೀರನ್ನು ಹಿಡಿದು ಊರಿಗೆ ಪೈಪಿನಲ್ಲಿ ತರುವ ಯೋಜನೆ ಆಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರದ ಪಂಪು. 1896ರಲ್ಲಿ ನೀರು ಬಂತು.

ಒಳ್ಳೆಯದೇ ಆಯಿತು. ಎರಡೇ ವರ್ಷದಲ್ಲಿ, 1898ರಲ್ಲಿ, ಪ್ಲೇಗ್ ಬಂದು ಪೇಟೆಯ ಜನ ದಿಕ್ಕಾಪಾಲಾದಾಗ ಬಸವನಗುಡಿ, ಮಲ್ಲೇಶ್ವರ ಅಂತ ಹೊಸ ಬಡಾವಣೆಗಳು ಬೆಳೆಯೋಕೆ ಸಾಧ್ಯವಾಗಿದ್ದರಲ್ಲಿ ಈ ಕೊಳಾಯಿ ನೀರಿನ ಪಾಲೂ ಇದೆ. ಅದನ್ನು ತಂದವರನ್ನು ದೂರಲು ಆಗುತ್ತಾ? ಸಾಧ್ಯವೇ ಇಲ್ಲ.

ಆದರೆ ಅದೇ ದಿನ ಸದ್ದಿಲ್ಲದೆ ಇನ್ನೊಂದು ನಡೆಯಿತು. ಧರ್ಮಾಂಬುಧಿ ಬೇಡವಾಯಿತು. ಸಂಪಂಗಿ ಬೇಡವಾಯಿತು. ನೀರು ಕುಡಿಯುವವನಿಗೆ ಕೆರೆ ಬೇಕು. ನಲ್ಲಿ ತಿರುಗಿಸುವವನಿಗೆ ಕೆರೆ ಯಾಕೆ? ಅವತ್ತಿನಿಂದ ಸರ್ಕಾರದ ಕಡತದಲ್ಲಿ ಕೆರೆ ನೀರಿನ ಆಸ್ತಿಯಾಗಿ ಉಳಿಯಲಿಲ್ಲ, ಊರ ಮಧ್ಯೆ ಖಾಲಿ ಬಿದ್ದ ಜಾಗವಾಯಿತು. ನನ್ನ ಮಾತು ಇಷ್ಟೇ, ವೀಕ್ಷಕರೇ: ಕೆರೆಯನ್ನು ಯಾರೋ ಕದಿಯೋಕೆ ಮೊದಲು, ನಾವು ಅದನ್ನು ಬೇಡ ಅಂದಿದ್ದೆವು.

ಸಂಪಂಗಿ ಕೆರೆಯ ಕಥೆ ಕೇಳಿ. ಕೊಳಾಯಿ ಬಂದ ಮೇಲೆ ಆ ಕೆರೆ ಯಾರಿಗೆ ಬೇಕಿತ್ತು? ಅದರ ನೀರಲ್ಲಿ ತರಕಾರಿ, ಹೂವು ಬೆಳೆಯುತ್ತಿದ್ದ ವಹ್ನಿಕುಲ ಕ್ಷತ್ರಿಯರಿಗೆ, ಅಂದರೆ ತಿಗಳ ಸಮುದಾಯಕ್ಕೆ. ಇನ್ನೊಂದು ಕಡೆ ದಂಡಿನವರು ಅದೇ ಕೆರೆಯಂಗಳದಲ್ಲಿ ಪೋಲೋ ಆಡುತ್ತಿದ್ದರು. ತೋಟದವರಿಗೆ ಕೆರೆ ತುಂಬಿರಬೇಕು, ಪೋಲೋದವರಿಗೆ ಅಂಗಳ ಒಣಗಿರಬೇಕು. ಯಾರ ಮಾತು ನಡೆದಿರಬಹುದು ಅಂತ ನಾನು ಬಿಡಿಸಿ ಹೇಳಬೇಕಾ? ಕಡೆಗೆ ಕೆರೆ ಮೈದಾನವಾಯಿತು, ಮೈದಾನ ಕ್ರೀಡಾಂಗಣವಾಯಿತು. ಉಳಿದಿದ್ದು ಒಂದು ಚಿಕ್ಕ ಕೊಳ. ಅದು ಉಳಿದಿದ್ದಕ್ಕೂ ಒಂದು ಕಾರಣವಿದೆ. ಪ್ರತಿವರ್ಷ ಬೆಂಗಳೂರು ಕರಗದಲ್ಲಿ ಹಸಿ ಕರಗ ಬರೋದು ಸಂಪಂಗಿ ಕೆರೆಯಂಗಳದಿಂದ. ಕರಗ ಹೊರುವುದು ಅದೇ ತಿಗಳ ಸಮುದಾಯ. ನೀರಾವರಿಗೆ ಬೇಡವಾದ ಮೇಲೂ ದೇವರಿಗೆ ಬೇಕಿತ್ತು, ಅದಕ್ಕೇ ಅಷ್ಟು ಉಳಿಯಿತು.

ಹೆಸರಘಟ್ಟ ಎಷ್ಟು ದಿನ ಸಾಕಾಯಿತು? ಒಂದು ತಲೆಮಾರು ಕೂಡ ಇಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಆ ಕೆರೆಯೂ ಬತ್ತಿತು. ಸರ್. ಎಂ. ವಿಶ್ವೇಶ್ವರಯ್ಯ ಅವರ ಅಧ್ಯಕ್ಷತೆಯ ಸಮಿತಿ ಇನ್ನೂ ಮುಂದೆ ನೋಡಿತು. ಅರ್ಕಾವತಿಗೆ ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿ. 1933ರಲ್ಲಿ ಅಲ್ಲಿಂದ ನೀರು ಬಂತು. 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನ 1951ರಲ್ಲಿ 7.8 ಲಕ್ಷ ಹತ್ತಿರ ಹೋದರು. ಒಂದೇ ದಶಕದಲ್ಲಿ ಊರು ಸರಿಸುಮಾರು ದುಪ್ಪಟ್ಟು! ಸೊಳ್ಳೆ, ಮಲೇರಿಯಾ ಅನ್ನುವ ಕಾರಣ ಬೇರೆ ಇತ್ತು. ಊರ ಒಳಗಿನ ಇನ್ನೊಂದಷ್ಟು ಕೆರೆಗಳು ಕಣ್ಮರೆಯಾದವು.

ಆಮೇಲೆ ಕಾವೇರಿ. 1974ರಲ್ಲಿ ಮೊದಲ ಹಂತ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. 1982, 1993, 2002, 2012, ಹಂತದ ಮೇಲೆ ಹಂತ. ಇತ್ತ 1971ರಲ್ಲಿ ಹದಿನಾರೂವರೆ ಲಕ್ಷ ಇದ್ದ ಜನಸಂಖ್ಯೆ 1981ಕ್ಕೆ 29 ಲಕ್ಷ. ಲೇಔಟ್ ಮಾಡೋಕೆ ಜಾಗ ಬೇಕು. ಖಾಸಗಿ ಜಮೀನಾದರೆ ಪರಿಹಾರ, ಕೋರ್ಟು, ತಕರಾರು. ಕೆರೆ? ಸರ್ಕಾರದ್ದೇ. ಸಮತಟ್ಟು ಜಾಗ, ಊರ ನಡುವೆ. ಯಾರ ಪಹಣಿಯೂ ಇಲ್ಲ, ಯಾರ ತಕರಾರೂ ಇಲ್ಲ. ಕೆರೆಯಂಗಳ ಸೈಟಾಗಿದ್ದು ಕಾನೂನು ಮುರಿದಲ್ಲ ಸ್ವಾಮಿ, ಎಷ್ಟೋ ಕಡೆ ಕಾನೂನು ಪ್ರಕಾರವೇ, ಸೀಲು ಹೊಡೆದು, ಹರಾಜು ಹಾಕಿ.

ಕ್ರಮ ಗಮನಿಸಿದಿರಾ? ಪ್ರತಿ ಸಲ ನೀರು ಇನ್ನೂ ದೂರದಿಂದ ಬಂದಾಗ, ಹತ್ತಿರದ ನೀರಿನ ಒಂದು ಸುತ್ತು ಸಾಯುತ್ತೆ. ಹೆಸರಘಟ್ಟದ ಕೊಳಾಯಿ ಪೇಟೆಯ ಕೆರೆಗಳನ್ನು ಬೇಡವಾಗಿಸಿತು. ಕಾವೇರಿ ಬಂದ ಮೇಲೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯನ್ನೇ ಮರೆತೆವು. ಅರ್ಕಾವತಿಯ ಜಲಾನಯನದಲ್ಲಿ ನೀಲಗಿರಿ ತೋಪು ಎದ್ದವು, ಬೋರ್‌ವೆಲ್ ಇಳಿದವು, ಬಡಾವಣೆ ಬಂದವು. ಹೆಸರಘಟ್ಟ ವರ್ಷಗಟ್ಟಲೆ ಖಾಲಿ ನಿಂತಿತು. 2010ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಕುಡಿಯುವ ನೀರು ಬರುವುದೂ ನಿಂತಿತು. ಒಂದು ಕಾಲದಲ್ಲಿ ನಗರವನ್ನು ಬದುಕಿಸಿದ್ದ ಜಲಾಶಯಕ್ಕೆ ನಗರದಂಚಿನ ಕೊಳಚೆ ಹರಿದುಬಂತು.

ಎಚ್ಚರಿಸಿದವರು ಇರಲಿಲ್ಲವೇ? ಇದ್ದರು. ನಿವೃತ್ತ ಐಎಎಸ್ ಅಧಿಕಾರಿ ಎನ್. ಲಕ್ಷ್ಮಣರಾವ್ ಅವರ ಸಮಿತಿ 1980ರ ದಶಕದಲ್ಲೇ ಹೇಳಿತ್ತು, ಇನ್ನು ಮುಂದೆ ಒಂದು ಕೆರೆಯನ್ನೂ ಒಡೆಯಬೇಡಿ, ಉಳಿಸಿಕೊಳ್ಳಿ ಅಂತ. ಸರ್ಕಾರ ಒಪ್ಪಿತು ಕೂಡ. ಆದರೆ 1997ರ ಕ್ರೀಡಾಕೂಟದ ವಸತಿ ಎಲ್ಲಿ ಎದ್ದಿತು ಅಂತ ಆಗಲೇ ಹೇಳಿದೆನಲ್ಲ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ, 2014ರಲ್ಲಿ ಕೆರೆ ಸಂರಕ್ಷಣೆಗೇ ಒಂದು ಕಾಯ್ದೆ. 2017ರಲ್ಲಿ ಮತ್ತೆ, ‘ಕೆರೆಯ ಲಕ್ಷಣ ಕಳೆದುಕೊಂಡ’ ಕೆರೆಗಳನ್ನು ದಾಖಲೆಯಿಂದಲೇ ಕೈಬಿಡುವ ಪ್ರಸ್ತಾಪ. ಜನ ಬೊಬ್ಬೆ ಹಾಕಿದ ಮೇಲೆ ಹಿಂದೆ ಸರಿದರು. ಲಕ್ಷಣ ಕಳೆದುಕೊಂಡಿದ್ದು ಕೆರೆಯಾ, ನಾವಾ?

ಇಲ್ಲಿಯವರೆಗೆ ಹೇಳಿದ್ದು ಸತ್ತ ಕೆರೆಗಳ ಕಥೆ. ಸಾಯದೆ ಉಳಿದವುಗಳ ಗತಿ ಇನ್ನೊಂದು.

ಎಂಜಿನಿಯರಿಂಗ್ ಓದಿದವರಿಗೆ ಒಂದು ಲೆಕ್ಕ ಗೊತ್ತಿರುತ್ತೆ. ಮನೆಗೆ ನೂರು ಲೀಟರ್ ನೀರು ಬಂದರೆ ಸುಮಾರು 80 ಲೀಟರ್ ಕೊಳಚೆಯಾಗಿ ಹೊರಗೆ ಹೋಗುತ್ತೆ. ಒಳಚರಂಡಿ ವಿನ್ಯಾಸ ಮಾಡುವಾಗ ಇಟ್ಟುಕೊಳ್ಳುವ ಅಂದಾಜು ಇದು. ಹಾಗಾದರೆ ಕಾವೇರಿಯಿಂದ ದಿನಕ್ಕೆ ನೂರು ಕೋಟಿ ಲೀಟರ್ ತಂದರೆ, 80 ಕೋಟಿ ಲೀಟರ್ ಎಲ್ಲಿಗೆ ಹೋಗಬೇಕು? ನಾವು ನೀರು ತರುವ ಪೈಪಿಗೆ ತೋರಿಸಿದ ಅವಸರವನ್ನು ಹೊರಹೋಗುವ ಪೈಪಿಗೆ ತೋರಿಸಲಿಲ್ಲ. ನೀರು ಇಳಿಜಾರು ಹುಡುಕುತ್ತೆ. ಇಳಿಜಾರಲ್ಲಿ ರಾಜಕಾಲುವೆ ಇತ್ತು. ರಾಜಕಾಲುವೆಯ ಕೊನೆಗೆ ಕೆರೆ ಇತ್ತು.

ಹೀಗಾಗಿ ಬೇಸಿಗೆಯಲ್ಲಿ ಬತ್ತಿ, ಹೂಳು ತೆಗೆಸಿಕೊಂಡು, ಮಳೆಗೆ ತುಂಬುತ್ತಿದ್ದ ಕೆರೆಗಳು ವರ್ಷವಿಡೀ ತುಂಬಿರೋಕೆ ಶುರುವಾದವು. ದೂರದಿಂದ ನೋಡಿದರೆ ನೀರು, ಹತ್ತಿರ ಹೋದರೆ ಕೊಳಚೆ. ಬೆಳ್ಳಂದೂರು ಸುಮಾರು 900 ಎಕರೆಯ ಕೆರೆ, ಬೆಂಗಳೂರಿನ ಅತಿ ದೊಡ್ಡದು. ನಮ್ಮ ಬಚ್ಚಲಿನ ಸೋಪು, ಬಟ್ಟೆ ಒಗೆದ ಡಿಟರ್ಜೆಂಟು ಅಲ್ಲಿ ಸೇರಿ, ಕೋಡಿಯಲ್ಲಿ ಧುಮುಕುವಾಗ ನೊರೆಯಾಗಿ ಎದ್ದು ರಸ್ತೆಗೆ ಹಾರಿತು. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿ 19ರಂದು ಕೆರೆಯಲ್ಲಿ ಬೆಂಕಿ ಹತ್ತಿದಾಗ ನಂದಿಸೋಕೆ ಸೇನೆಯ ಸುಮಾರು 5,000 ಯೋಧರು ಇಳಿಯಬೇಕಾಯಿತು. ಕೆರೆಗೆ ಬೆಂಕಿ! ಆ ದೃಶ್ಯಗಳು ನಮ್ಮ ಪರದೆಯ ಮೇಲೆ ಓಡುತ್ತಿದ್ದಾಗ, ನನಗೆ ಕಿವಿಯಲ್ಲಿ ಪ್ರೊಡ್ಯೂಸರ್ ಹೇಳುತ್ತಿದ್ದದ್ದು ಒಂದೇ: ಜನರಿಗೆ ನಂಬಿಕೆ ಬರಲ್ಲ, ಇನ್ನೊಮ್ಮೆ ಹೇಳಿ.

ಮೂರನೆಯದು ನೆಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಲೆಕ್ಕ ಹಾಕಿದೆ. 1973ರಿಂದ 2017ರ ಹೊತ್ತಿಗೆ ಬೆಂಗಳೂರಿನ ಕಾಂಕ್ರೀಟ್ ಮೈ ಹತ್ತು ಪಟ್ಟಿಗಿಂತ ಜಾಸ್ತಿ ಹಿಗ್ಗಿದೆ. ಹಸಿರು ಶೇ. 88ರಷ್ಟು ಇಳಿದಿದೆ. ಜಲಮೂಲಗಳ ವಿಸ್ತಾರ ಶೇ. 79ರಷ್ಟು ಇಳಿದಿದೆ. ಇದು ಬರೀ ಅಂಕಿ ಅಂತ ದಾಟಿಬಿಡಬೇಡಿ, ಮನೆಗೆ ನೀರು ನುಗ್ಗುವ ಲೆಕ್ಕ ಇದರಲ್ಲೇ ಇದೆ.

ಒಂದು ಎಕರೆ ಜಾಗ ತಗೊಳ್ಳಿ. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು ಗೊತ್ತಾ? ಸುಮಾರು 4 ಲಕ್ಷ ಲೀಟರ್. ಅದು ರಾಗಿ ಹೊಲವಾಗಿದ್ದರೆ ಹೆಚ್ಚು ಭಾಗ ಇಂಗುತ್ತೆ, ಹರಿದು ಹೋಗೋದು ಕಾಲು ಭಾಗ ಅಂತಿಟ್ಟುಕೊಳ್ಳಿ, ಅಂದರೆ ಒಂದು ಲಕ್ಷ ಲೀಟರ್. ಅದೇ ಎಕರೆಗೆ ಕಾಂಕ್ರೀಟ್ ಹಾಕಿ. ಈಗ ಶೇ. 90 ಹರಿಯುತ್ತೆ. ಮೂರೂವರೆ ಲಕ್ಷ ಲೀಟರ್‌ಗೂ ಹೆಚ್ಚು. ನಿಮ್ಮ ಬೀದಿಗೆ ಬರುವ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 60 ಟ್ಯಾಂಕರ್. ಒಂದೇ ಎಕರೆಯಿಂದ! ಅದೂ ದಿನವಿಡೀ ನಿಧಾನವಾಗಿ ಬರಲ್ಲ, ಒಂದೆರಡು ಗಂಟೆಯಲ್ಲಿ ಬರುತ್ತೆ. ಬಂದದ್ದು ಎಲ್ಲಿ ನಿಲ್ಲಬೇಕು? ಕೆರೆಯಲ್ಲಿ. ಕೆರೆಗೆ ಯಾವುದರ ಮೂಲಕ ಹೋಗಬೇಕು? ರಾಜಕಾಲುವೆ ಮೂಲಕ. ಎರಡೂ ಇಲ್ಲದಿದ್ದರೆ? ಬೇಸ್‌ಮೆಂಟಿಗೆ.

2022ರ ಸೆಪ್ಟೆಂಬರ್ 4ರ ರಾತ್ರಿ ಆಗಿದ್ದು ಇದೇ. ಒಂದೇ ರಾತ್ರಿ ನಗರದಲ್ಲಿ ಸುಮಾರು 130 ಮಿಲಿಮೀಟರ್ ಮಳೆ. ಮಾರನೇ ದಿನ ಸರ್ಜಾಪುರ ರಸ್ತೆ, ಯಮಲೂರು, ಹೊರವರ್ತುಲ ರಸ್ತೆಯಲ್ಲಿ ದೋಣಿ ಓಡಾಡಿದವು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಮುಂದೆ ಕಾರುಗಳು ತೇಲಿದವು. ಅದೇ ದಿನ ಇನ್ನೊಂದು ಸುದ್ದಿಯೂ ಇತ್ತು, ಬಹಳ ಜನ ಮರೆತಿದ್ದಾರೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿ ಎತ್ತುವ ಪಂಪ್‌ಹೌಸ್‌ಗೇ ನೀರು ನುಗ್ಗಿತು. ಊರ ತುಂಬ ನೀರು, ನಲ್ಲಿಯಲ್ಲಿ ನೀರಿಲ್ಲ. ಒಂದೇ ದಿನ, ಒಂದೇ ಊರು. ದೂರದ ಒಂದು ಪಂಪನ್ನೇ ನಂಬಿ ಕೂತ ನಗರದ ಸ್ಥಿತಿ ಇದು.

ಎರಡು ವರ್ಷ ಕಳೆದಿಲ್ಲ, 2024ರ ಬೇಸಿಗೆ. ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ದೋಣಿ ಓಡಿದ ಬಡಾವಣೆಗಳ ಕಡೆಯಲ್ಲೇ ಜನ ಟ್ಯಾಂಕರ್‌ಗೆ ಸಾಲು ನಿಂತರು. ಒಂದು ಪ್ರಕೃತಿ ವಿಕೋಪ, ಇನ್ನೊಂದು ಬರ ಅಂತ ನಾವು ಎರಡು ಬೇರೆ ಬೇರೆ ಶೀರ್ಷಿಕೆ ಕೊಟ್ಟು ಸುದ್ದಿ ಓದುತ್ತೇವೆ. ಎರಡೂ ಒಂದೇ ಸುದ್ದಿ. ಮಳೆಗಾಲದಲ್ಲಿ ನಿಲ್ಲಬೇಕಾದ ನೀರು ನಿಲ್ಲಲಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಇರಬೇಕಾದ ನೀರು ಇರಲಿಲ್ಲ.

ಈಗ ಕೆಲವರು ಕೇಳ್ತಾರೆ, ಏನ್ ಸಾರ್, ಕೋಟಿ ದಾಟಿದ ಜನಕ್ಕೆ ಕೆರೆ ನೀರು ಸಾಕಾಗುತ್ತಾ? ಕಾವೇರಿ ಬೇಡ ಅಂತೀರಾ? ನ್ಯಾಯವಾದ ಪ್ರಶ್ನೆ. ಕಾವೇರಿ ಬೇಕು. ಕೆರೆಯೊಂದರಿಂದಲೇ ಆಗಲ್ಲ. ಆದರೆ ಒಂದು ಕೂಡಿ ಕಳೆಯುವ ಲೆಕ್ಕ ಮಾಡಿ. 2007ರಲ್ಲಿ ಬಿಬಿಎಂಪಿಯಾದಾಗ ನಗರದ ವಿಸ್ತಾರ ಸುಮಾರು 741 ಚದರ ಕಿಲೋಮೀಟರ್. ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆ ಅಂತ ಹಿಡಿದರೂ ಇಷ್ಟು ಜಾಗದ ಮೇಲೆ ಬೀಳೋದು ಹತ್ತಿರಹತ್ತಿರ 25 ಟಿಎಂಸಿ. ಐದನೇ ಹಂತವನ್ನೂ ಸೇರಿಸಿ ಕಾವೇರಿಯಿಂದ ನಾವು ಎತ್ತುವ ಸಾಮರ್ಥ್ಯ ದಿನಕ್ಕೆ 2,225 ದಶಲಕ್ಷ ಲೀಟರ್, ವರ್ಷಕ್ಕೆ 28-29 ಟಿಎಂಸಿ. ತಲೆಯ ಮೇಲೆ ಬೀಳುವ ನೀರು ಹೆಚ್ಚುಕಡಿಮೆ ನೂರು ಕಿಲೋಮೀಟರ್ ಆಚೆಯಿಂದ ತರುವಷ್ಟೇ ಇದೆ! ಅಷ್ಟನ್ನೂ ಹಿಡಿಯೋಕೆ ಆಗಲ್ಲ, ಆವಿಯಾಗುತ್ತೆ, ಇಂಗುತ್ತೆ, ಹರಿಯುತ್ತೆ. ನಾಲ್ಕನೇ ಒಂದು ಭಾಗ ಹಿಡಿದರೂ ಅದು ಸಣ್ಣದಲ್ಲ. ಕಾವೇರಿಯ ಒಂದೊಂದು ಟಿಎಂಸಿಗೆ ಎರಡು ರಾಜ್ಯ ಕೋರ್ಟು ಹತ್ತುವ ಕಾಲ ಇದು. ಮಂಡ್ಯದ ರೈತನ ಮುಂದೆ ನಿಂತು ಇನ್ನೊಂದು ಹಂತ ಕೊಡು ಅಂತ ಕೇಳುವ ಮೊದಲು ಬೆಂಗಳೂರು ತನ್ನ ಅಂಗಳದ ಲೆಕ್ಕ ತೋರಿಸಬೇಡವೇ?

ಮತ್ತೊಂದು ತಮಾಷೆ ನೋಡಿ. ಬೆಂಗಳೂರು ಬೇಡ ಅಂದ ನೀರನ್ನು ಕೋಲಾರ ಬೇಕು ಅಂದಿತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದರ ಗುಣಮಟ್ಟದ ಬಗ್ಗೆ ಅಲ್ಲಿನ ರೈತರಿಗೆ, ಹೋರಾಟಗಾರರಿಗೆ ಗಂಭೀರ ಪ್ರಶ್ನೆಗಳಿವೆ, ಅವಕ್ಕೆ ಉತ್ತರ ಸಿಗಲೇಬೇಕು. ಆದರೂ ಒಂದು ಮಾತು ಒಪ್ಪಿಕೊಳ್ಳಿ, ಅಲ್ಲಿ ಕೆರೆಗೆ ಇನ್ನೂ ಕೆಲಸ ಇದೆ. ಕೆಲಸ ಇರುವ ಕೆರೆಗೆ ಜನ ಕಾವಲಿರುತ್ತಾರೆ.

ನಮ್ಮಲ್ಲೂ ಉದಾಹರಣೆ ಇಲ್ಲದಿಲ್ಲ. ಜಕ್ಕೂರು ಕೆರೆಗೆ ಹೋಗಿ. ಅಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕ ಹಾಯ್ದು, ಆಮೇಲೆ ಆಪು-ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು, ನಂತರ ಕೆರೆಗೆ ಸೇರುತ್ತೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುತ್ತಲಿನ ಜನ ಪಾಲಿಕೆಯ ಬೆನ್ನು ಬಿದ್ದು ಬದುಕಿಸಿಕೊಂಡದ್ದು. ಎರಡೂ ಕಡೆ ಆಗಿದ್ದೇನು? ಯಾರಿಗೋ ಆ ಕೆರೆ ಬೇಕಾಯಿತು. ಬರೀ ಬೇಲಿ ಹಾಕಿ, ವಾಕಿಂಗ್ ಪಾಥ್ ಮಾಡಿ, ಬಣ್ಣದ ದೀಪ ಕಟ್ಟಿದರೆ ಕೆರೆ ಉಳಿಯಲ್ಲ. ಅದು ಊರಿನ ನೀರಿನ ಲೆಕ್ಕದೊಳಗೆ ಬರಬೇಕು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ? 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್. ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಹದಿನೇಳು ವರ್ಷ ತೆರಿಗೆ ಕಟ್ಟಿ ಟ್ಯಾಂಕರ್ ನೀರು ಕುಡಿದ ಜನ ಅವರು. ಅವರ ಮನೆಗೆ ನಲ್ಲಿ ಬಂತು ಅಂದರೆ ನನಗೆ ಸಂತೋಷ. ಆ ತಾಯಂದಿರು ಕೊಡ ಹಿಡಿದು ನಿಂತದ್ದನ್ನು ನಮ್ಮ ಕ್ಯಾಮೆರಾ ಎಷ್ಟು ಸಲ ತೋರಿಸಿದೆ.

ಆದರೆ ಇತಿಹಾಸ ಓದಿದವನ ಎದೆ ಸ್ವಲ್ಪ ಧಸಕ್ ಅನ್ನುತ್ತೆ. ಬೆಂಗಳೂರಿನಲ್ಲಿ ಇನ್ನೂ ಉಸಿರಾಡುತ್ತಿರುವ ಕೆರೆಗಳಲ್ಲಿ ಹೆಚ್ಚಿನವು ಇರೋದು ಈ ಹೊರಸುತ್ತಿನಲ್ಲೇ. 1896ರಲ್ಲಿ ಪೇಟೆಗೆ ನಲ್ಲಿ ಬಂದಾಗ ಧರ್ಮಾಂಬುಧಿಗೆ ಆದದ್ದು, ಈಗ ಈ ಹಳ್ಳಿಗಳ ಕೆರೆಗೆ ಆಗುತ್ತಾ? ಆ 775ರಲ್ಲಿ ಸುಮಾರು 620 ದಶಲಕ್ಷ ಲೀಟರ್ ಪ್ರತಿದಿನ ಕೊಳಚೆಯಾಗಿ ಹೊರಬೀಳುತ್ತೆ. ಒಳಚರಂಡಿ, ಶುದ್ಧೀಕರಣ ಘಟಕ ಅಷ್ಟೇ ವೇಗದಲ್ಲಿ ಆಗದಿದ್ದರೆ ಅದು ಎಲ್ಲಿಗೆ ಹೋಗುತ್ತೆ ಅಂತ ನಿಮಗೀಗ ಗೊತ್ತು. ಕಾವೇರಿ ಬಂದ ಏರಿಯಾದಲ್ಲಿ ಸೈಟಿನ ಬೆಲೆ ಏರುತ್ತೆ. ಸೈಟಿನ ಬೆಲೆ ಏರಿದ ಕಡೆ ಕೆರೆಯಂಚಿನ ಖರಾಬು ಜಾಗದ ಮೇಲೆ ಕಣ್ಣು ಬೀಳುತ್ತೆ. ಈ ಸಲ ಮಾತ್ರ ಭೂಗಳ್ಳರು ಮೊದಲೇ ಬಂದು ಕಾಯುತ್ತಿದ್ದಾರೆ.

ಆ 110 ಹಳ್ಳಿಗಳಲ್ಲಿ ಇರುವವರಿಗೆ ನನ್ನದೊಂದು ಕೋರಿಕೆ. ಈ ಭಾನುವಾರ ಮೊಬೈಲಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆಗೆಯಿರಿ. ನಿಮ್ಮ ಹಳ್ಳಿಯ ಕೆರೆಯ ಸರ್ವೆ ನಂಬರ್ ಹುಡುಕಿ. ಗ್ರಾಮ ನಕ್ಷೆ ಸಿಕ್ಕರೆ ಅದರಲ್ಲಿ ಕೆರೆಗೆ ನೀರು ಬರುವ ಹಳ್ಳದ ಗೆರೆ ಎಲ್ಲಿಂದ ಎಲ್ಲಿಗಿದೆ ನೋಡಿ. ಆಮೇಲೆ ಆ ಗೆರೆಯ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ. ಗೆರೆ ಯಾರ ಕಾಂಪೌಂಡಿನೊಳಗೆ ಹೋಗಿ ಮಾಯವಾಗುತ್ತೋ ಅಲ್ಲಿ ನಿಂತು ಒಂದು ಫೋಟೋ ತೆಗೆಯಿರಿ, ದಿನಾಂಕ ಬರೆದುಕೊಳ್ಳಿ, ಪಾಲಿಕೆಗೆ, ತಹಶೀಲ್ದಾರರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಗೆ ಬಂದು ನಲ್ಲಿ ತಿರುಗಿಸಿ, ಕಾವೇರಿ ನೀರು ಕುಡಿಯಿರಿ. ಎರಡೂ ನಿಮ್ಮದೇ.